ಮಾರುವವರ ತೆರಿಗೆ ಬಿಲ್ಲು ನೋಡಿ ಲಾಭ ಲೆಕ್ಕ ಹಾಕಬಹುದೇ?

ಪ್ರಶ್ನೆ: ಮೇಡಂ, ಬಾಡಿಗೆಗೆ ಕೊಡಲೆಂದು ಒಂದು ಮನೆ ನೋಡಿದ್ದೇನೆ. ಬೆಲೆ ಒಂದು ಕೋಟಿ. ಕಳೆದ ವರ್ಷ ಕಟ್ಟಿದ ಆಸ್ತಿ ತೆರಿಗೆ 40 ಸಾವಿರ ಎಂದು ಮಾರುವವರು ಬಿಲ್ಲು ತೋರಿಸಿದರು. ಬಾಡಿಗೆಯಲ್ಲಿ ಅಷ್ಟನ್ನು ಕಳೆದರೆ ಸಾಕೇ?

ಉತ್ತರ: ಸಾಲದು. ಅದು ಅವರ ತೆರಿಗೆ, ನಿಮ್ಮದಲ್ಲ. ಬಿಲ್ಲಿನ ಕೊನೆಯ ಸಾಲನ್ನು ಬಿಟ್ಟು ಮೇಲಿನ ಸಾಲುಗಳನ್ನು ಓದಿ: ಯಾವ ಮೌಲ್ಯದ ಮೇಲೆ ತೆರಿಗೆ ಹಾಕಿದ್ದಾರೆ, ಆ ಮೌಲ್ಯ ಯಾವ ವರ್ಷದ್ದು, ಏನೇನು ರಿಯಾಯಿತಿ ಕಳೆದಿದ್ದಾರೆ?

ಇದು ಊರಿಂದ ಊರಿಗೆ ಬೇರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1978ರಿಂದ ಇರುವ ನಿಯಮದಂತೆ, ಮನೆ ಒಬ್ಬರ ಕೈಯಲ್ಲೇ ಇರುವಷ್ಟು ಕಾಲ ತೆರಿಗೆ ಮೌಲ್ಯ ಸಾಮಾನ್ಯವಾಗಿ ವರ್ಷಕ್ಕೆ ಶೇ 2ಕ್ಕಿಂತ ಹೆಚ್ಚು ಏರುವಂತಿಲ್ಲ. ಮಾರಿದರೆ ಮಾರುಕಟ್ಟೆ ಬೆಲೆಗೆ ಏರಿಬಿಡುತ್ತದೆ. ಇಂಗ್ಲೆಂಡಿನಲ್ಲಿ ಮನೆಗಳ ಮೇಲಿನ ಸ್ಥಳೀಯ ತೆರಿಗೆಯಾದ ಕೌನ್ಸಿಲ್ ತೆರಿಗೆಗಾದರೋ ಇಂದಿಗೂ 1991ರ ಬೆಲೆಯೇ ಆಧಾರ. ನೀವು ಎಷ್ಟು ಕೊಟ್ಟು ಕೊಂಡಿರಿ ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ. ಆದ್ದರಿಂದ ಸ್ಥಳೀಯ ತೆರಿಗೆ ಕಚೇರಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ಮಾರಾಟವಾದರೆ ಮರುಮೌಲ್ಯಮಾಪನ ಆಗುತ್ತದೆಯೇ?

ಆಗುತ್ತದೆ ಎಂದುಕೊಳ್ಳೋಣ. ತೆರಿಗೆ ದರ ಶೇ 1 ಇದ್ದರೆ, ಅವರ 40 ಸಾವಿರದ ಹಿಂದಿರುವ ಮೌಲ್ಯ 40 ಲಕ್ಷ. ನಿಮ್ಮದು ಒಂದು ಕೋಟಿ, ತೆರಿಗೆ ಒಂದು ಲಕ್ಷ. ತಿಂಗಳಿಗೆ 5 ಸಾವಿರ ಹೆಚ್ಚುವರಿ ಹೊರೆ. ಬಾಡಿಗೆ ಮನೆಯ ಉಳಿತಾಯ ಎಷ್ಟೋ ಸಲ ಅಷ್ಟೇ ಇರುತ್ತದೆ.

ಮರುಪ್ರಶ್ನೆ: ರಿಯಾಯಿತಿಯ ಸಾಲಿನಲ್ಲಿ 'ಸ್ವಂತ ವಾಸ' ಎಂದಿದೆ. ಅದು ನನಗೂ ಸಿಗುತ್ತದೆಯೇ? ಪಕ್ಕದ ಮನೆಯವರನ್ನೂ ವಿಚಾರಿಸಲೇ?

ಉತ್ತರ: ನೀವು ಅಲ್ಲಿ ವಾಸಿಸುವುದಿಲ್ಲವಲ್ಲ, ಅದನ್ನು ಮರೆತುಬಿಡಿ. ಹಿರಿಯ ನಾಗರಿಕರಿಗೆಂದು ಕೊಟ್ಟ ರಿಯಾಯಿತಿಯೂ ಅವರೊಂದಿಗೇ ಹೋಗುತ್ತದೆ. ಪಕ್ಕದ ಮನೆಯವರು ಮೂವತ್ತು ವರ್ಷದಿಂದ ಅಲ್ಲೇ ಇದ್ದರೆ ಅವರ ಬಿಲ್ಲೂ ನಿಮ್ಮನ್ನು ದಾರಿ ತಪ್ಪಿಸಬಹುದು. ಅದೇ ಬೀದಿಯಲ್ಲಿ ಒಂದೆರಡು ವರ್ಷದ ಹಿಂದೆ ಮಾರಾಟವಾದ, ಇದೇ ಅಳತೆಯ ಮನೆಯನ್ನು ಹುಡುಕಿ; ನನ್ನ ಅನುಭವದಲ್ಲಿ ಅದಕ್ಕಿಂತ ಒಳ್ಳೆಯ ಅಂದಾಜು ಬೇರೆ ಸಿಕ್ಕಿಲ್ಲ.

ಇನ್ನೊಂದು ಮಾತು. ದಾಖಲೆಯ ವಿಸ್ತೀರ್ಣವನ್ನು ಹಿಡಿದುಕೊಂಡು ಮನೆಯನ್ನು ಒಂದು ಸುತ್ತು ಹಾಕಿ. ನನ್ನ ಬಳಿ ಬಂದಿದ್ದ ದಂಪತಿ ಕೊಂಡ ಮನೆಯಲ್ಲಿ ಮಹಡಿಯ ಕೋಣೆ, ಅದರ ಸ್ನಾನದ ಮನೆ ಎರಡೂ ಕಾಗದದಲ್ಲಿ ಇರಲೇ ಇಲ್ಲ. ಎರಡನೆಯ ವರ್ಷದ ಬಿಲ್ಲಿನಲ್ಲಿ ಎರಡೂ ಬಂದವು. ಹಳೆಯ ಬಾಕಿ ಇಲ್ಲವೆಂಬ ಪತ್ರವನ್ನು ಮುಂಗಡ ಕೊಡುವ ಮೊದಲೇ ಕೇಳಿ ಪಡೆಯಿರಿ. ಅನೇಕ ಕಡೆ ತೆರಿಗೆ ಬಾಕಿ ಆಸ್ತಿಗೇ ಅಂಟಿಕೊಂಡಿರುತ್ತದೆ, ಕೊಂಡವರೇ ತೀರಿಸಬೇಕಾಗುತ್ತದೆ.

ಪ್ರಶ್ನೆ ಕೇಳಿದವರು: ಧನ್ಯವಾದ ಮೇಡಂ. ಸೋಮವಾರ ತೆರಿಗೆ ಕಚೇರಿಗೆ ಹೋಗಿ ವಿಚಾರಿಸುತ್ತೇನೆ, ಮುಂಗಡ ಅಲ್ಲಿಯವರೆಗೆ ಕೊಡುವುದಿಲ್ಲ.