ಸಹಾಯ ಬೇಕು: ಗಾರ್ಮೆಂಟ್ಸ್‌ನಲ್ಲಿ ದೂರು ಕೊಡೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಪೀಣ್ಯ ಕಡೆ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ನಮ್ಮಲ್ಲಿ ಹೊಲಿಯೋರೆಲ್ಲ ಹೆಂಗಸರು, ಸೂಪರ್‌ವೈಸರ್‌ಗಳೆಲ್ಲ ಗಂಡಸರು. ಟಾರ್ಗೆಟ್ ತಪ್ಪಿದರೆ ಬೈಗುಳ ದಿನಾ ಇದ್ದದ್ದೇ. ಆದರೆ ಎರಡು ತಿಂಗಳಿಂದ ಒಬ್ಬ ಸೂಪರ್‌ವೈಸರ್ ನನ್ನ ಪಕ್ಕದ ಮೆಷಿನ್ ಹುಡುಗಿಗೆ ಅಸಹ್ಯವಾಗಿ ಮಾತಾಡ್ತಾನೆ, ಬೇಕಂತಲೇ ಮೈಗೆ ತಾಗ್ತಾನೆ. ಅವಳಿಗಿನ್ನೂ 20 ವರ್ಷ. ಮನೇಲಿ ಗೊತ್ತಾದ್ರೆ ಕೆಲಸ ಬಿಡಿಸ್ತಾರೆ ಅಂತ ಬಾತ್‌ರೂಮಲ್ಲಿ ಅಳ್ತಾಳೆ. ನೋಡೋಕಾಗಲ್ಲ.

ಕೆಲಸದ ಜಾಗದಲ್ಲಿ ಹೆಂಗಸರಿಗೆ ಲೈಂಗಿಕ ಕಿರುಕುಳ ತಡೆಯೋ 2013ರ ಕಾಯ್ದೆ ಪ್ರಕಾರ 3 ತಿಂಗಳೊಳಗೆ ಆಂತರಿಕ ಸಮಿತಿಗೆ (ಇಂಥ ದೂರು ಕೇಳೋಕೆ ಕಂಪನಿಯಲ್ಲೇ ಇರೋ ಸಮಿತಿ) ಬರೆದು ಕೊಡಬೇಕು. ಗೋಡೆ ಮೇಲೆ ಸಮಿತಿ ಪಟ್ಟಿಯೇನೋ ಇದೆ, ಅದರಲ್ಲಿರೋ ಇಬ್ಬರು ಕೆಲಸ ಬಿಟ್ಟು ವರ್ಷವಾಯ್ತು. ಹೀಗಿದ್ರೆ ಜಿಲ್ಲೆಯ ಸ್ಥಳೀಯ ಸಮಿತಿ ದೂರು ತಗೊಳ್ಳುತ್ತಾ? ಸಾಕ್ಷಿ ಹೇಳೋಕೆ ನಾನು ತಯಾರಿದ್ದೀನಿ. ದೂರು ಕನ್ನಡದಲ್ಲಿ ಬರೆದುಕೊಡೋ ವಕೀಲರು, ಯೂನಿಯನ್ ಅಕ್ಕಂದಿರು ಯಾರಾದ್ರೂ ಇದ್ರೆ ದಯವಿಟ್ಟು ಮೆಸೇಜ್ ಮಾಡಿ. ಭಾನುವಾರ ಮಾತ್ರ ರಜೆ, ಅವತ್ತು ಎಲ್ಲಿಗೆ ಹೇಳಿದ್ರೂ ಇಬ್ಬರೂ ಬರ್ತೀವಿ.