ಅಪ್‌ಡೇಟ್: ಮಲಬದ್ಧತೆ ಈಗ ಎಷ್ಟೋ ವಾಸಿ

ವೈಟ್‌ಫೀಲ್ಡ್ ಕಡೆ ಕೆಲಸಕ್ಕೆ ಸೇರಿದ ಮೇಲೆ ಸರಿಯಾಗಿ ಮೋಷನ್ ಆಗ್ತಿಲ್ಲ, ಏನು ಮಾಡಲಿ ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು.

ಡಾಕ್ಟರ್ ಮೊದಲು ಕೇಳಿದ್ದು ಊಟದ ಬಗ್ಗೆ ಅಲ್ಲ, ಯಾವ ಮಾತ್ರೆ ತಗೋತೀರಿ ಅಂತ. ರಕ್ತ ಕಮ್ಮಿ ಅಂತ ಐರನ್ ಮಾತ್ರೆ ನಡೀತಿತ್ತು. ಅದು ಎಷ್ಟೋ ಜನಕ್ಕೆ ಮಲ ಗಟ್ಟಿ ಮಾಡುತ್ತದಂತೆ. ಪೂರ್ತಿ ನಿಲ್ಲಿಸದೆ ಬೇರೆ ಬಗೆಯದು ಬರೆದುಕೊಟ್ಟರು.

ಇನ್ನೊಂದು ಕಾರಣ ಆಫೀಸ್ ಕ್ಯಾಬ್. ತಿಂಡಿ ತಿಂದ ಮೇಲೆ ಕರುಳು ತಾನಾಗಿಯೇ ಚುರುಕಾಗುತ್ತದೆ. ಆ ಹೊತ್ತಿಗೆ ನಾನು ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ! ತಡೆದಷ್ಟೂ ಕರುಳು ಮಲದ ನೀರು ಹೀರಿಕೊಳ್ಳುತ್ತದೆ, ಅದು ಇನ್ನೂ ಗಟ್ಟಿಯಾಗುತ್ತದೆ. ದಾರಿಯಲ್ಲಿ ಟಾಯ್ಲೆಟ್ ಸಿಗಲ್ಲ ಅಂತ ನೀರು ಕುಡಿಯುವುದೂ ಕಮ್ಮಿ. (ಹೆಂಗಸರಿಗೆ ಇದೊಂದು ದೊಡ್ಡ ತಲೆನೋವು, ಅಲ್ವಾ?) ಈಗ ಬೇಗ ಎದ್ದು, ತಿಂಡಿ ಮುಗಿಸಿ, ಟಾಯ್ಲೆಟ್‌ಗೆ ಹೋಗಿಯೇ ಹೊರಡುತ್ತೇನೆ. ಕಮೋಡ್ ಮುಂದೆ ಕಾಲಿಡೋಕೆ ಹಳೇ ಮಣೆ. ಅಮ್ಮ ನಕ್ಕರು, ಆದರೆ ಮಂಡಿ ಮೇಲಾದರೆ ಅಷ್ಟು ತಿಣುಕಬೇಕಾಗಲ್ಲ.

ಇಸಬ್‌ಗೋಲ್ ಹೇಳಿದವರಿಗೆ ಥ್ಯಾಂಕ್ಸ್, ಕೆಲಸ ಮಾಡಿತು. ದೊಡ್ಡ ಲೋಟದ ತುಂಬ ನೀರಿನ ಜೊತೆಗೇ ತಗೊಳ್ಳಿ, ಇಲ್ಲದಿದ್ದರೆ ಗಂಟಲಲ್ಲೇ ಉಬ್ಬಿಕೊಳ್ಳಬಹುದು. ರಾತ್ರಿ ಮುದ್ದೆ, ಬಸ್ಸಾರು, ಸೊಪ್ಪು-ಕಾಳಿನ ಪಲ್ಯ. ಸಂಜೆ ಪಫ್ಸ್ ಬದಲು ಸೀಬೆಹಣ್ಣು. ದಿನಕ್ಕೆ 25-30 ಗ್ರಾಂ ನಾರು ಬೇಕು ಅಂತ ಒಮ್ಮೆಲೇ ಜಾಸ್ತಿ ಮಾಡಬೇಡಿ, ಗ್ಯಾಸ್ ತುಂಬಿ ಒದ್ದಾಡುತ್ತೀರಿ.

ಮಲದಲ್ಲಿ ರಕ್ತ ಕಂಡರೆ, ಸುಮ್ನೆ ತೂಕ ಇಳಿದರೆ ಮನೆಮದ್ದು ಬಿಟ್ಟು ಡಾಕ್ಟರ್ ಹತ್ತಿರ ಹೋಗಿ. ಹರಳೆಣ್ಣೆ ಕುಡಿ ಅಂದವರೇ, ಅದಕ್ಕೆ ಮಾತ್ರ ನಾನು ಕೈ ಹಾಕಲಿಲ್ಲ.