ಅಪ್‌ಡೇಟ್: ಹಳೆಯ ರೋಡ್ ಬೈಕಿನ ಸೀಟ್ ಪೋಸ್ಟ್ ಕೊನೆಗೂ ಕದಲಿತು

ಸೆಕೆಂಡ್ ಹ್ಯಾಂಡ್ ಆಗಿ ಕೊಂಡ ಸ್ಟೀಲ್ ಫ್ರೇಮಿನ ಸೈಕಲ್‌ನಲ್ಲಿ ಅಲ್ಯೂಮಿನಿಯಂ ಸೀಟ್ ಪೋಸ್ಟ್ (ಸೀಟನ್ನು ಹೊತ್ತು ಫ್ರೇಮಿನೊಳಗೆ ಇಳಿಯುವ ಕೊಳವೆ) ಕಚ್ಚಿಕೊಂಡಿದೆ, ಪೆಡಲ್ ಒತ್ತಿದಾಗ ಚೈನ್ ಜಾರುತ್ತದೆ, ಕಡಿಮೆ ಖರ್ಚಿನಲ್ಲಿ ಏನು ಮಾಡಬಹುದು ಎಂದು ಈ ಹಿಂದೆ ಕೇಳಿದ್ದೆ. ಸಲಹೆಯಂತೆ ತುಕ್ಕು ಬಿಡಿಸುವ ಎಣ್ಣೆಯನ್ನು ನಾಲ್ಕು ದಿನ ಸಂದಿಗೆ ಬಿಟ್ಟು, ಸೀಟನ್ನೇ ಹಿಡಿಯಾಗಿಸಿಕೊಂಡು ತಿರುಗಿಸಿದಾಗ ಅದು ಕಿರ್ರೆಂದು ಕದಲಿತು. ಹೊರಬಂದ ಕೊಳವೆಗೆ ಸುಣ್ಣದಂಥ ಬಿಳಿ ಪುಡಿ ಅಂಟಿತ್ತು. ಗ್ರೀಸ್ ಹಚ್ಚಿ ಮತ್ತೆ ಕೂರಿಸಿದ್ದೇನೆ.

ಹೊಸದಿದ್ದಾಗ ಸರಿಯಾಗಿ 12 ಇಂಚು ಇರಬೇಕಾದ ಚೈನಿನ 24 ಕೊಂಡಿಗಳು ಅಳೆದಾಗ 1/8 ಇಂಚು ಹೆಚ್ಚು ಬಂದವು. ಇಷ್ಟು ಸವೆದ ಮೇಲೆ ಚೈನನ್ನು ಮಾತ್ರ ಬದಲಿಸಿದರೆ ಹೊಸದೂ ಸವೆದ ಹಲ್ಲುಗಳ ಮೇಲೆ ಜಾರುವುದರಿಂದ ಫ್ರೀವೀಲನ್ನೂ (ಹಿಂದಿನ ಚಕ್ರದಲ್ಲಿ ಚೈನ್ ಕೂರುವ ಹಲ್ಲುಚಕ್ರಗಳ ಜೋಡಣೆ) ಬದಲಿಸಬೇಕಾಯಿತು, ಅದರ ಖರ್ಚಿಗಾಗಿ ಸೈಕಲ್‌ಗೆ ಹೊಸ ಪೇಂಟ್ ಹೊಡೆಸುವ ಆಸೆಯನ್ನು (ಅಷ್ಟೇನೂ ಬೇಸರವಿಲ್ಲದೆ) ಬಿಟ್ಟೆ. ಏರಿನಲ್ಲಿ ಎದ್ದುನಿಂತು ತುಳಿದರೂ ಈಗ ಚೈನ್ ಜಾರುತ್ತಿಲ್ಲ.